ಮುಖದ ಸೌಂದರ್ಯ ಶಸ್ತ್ರಚಿಕಿತ್ಸೆಯ ನಂತರ ತಡವಾಗಿ ಕಾಣಿಸುವ ರಕ್ತನಾಳದ ತೊಂದರೆಗಳು: ಗುರುತಿಸುವುದು ಹೇಗೆ, ಏನು ಮಾಡಬೇಕು

ಮುಖದ ಅಂದಕ್ಕಾಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಸಾಮಾನ್ಯವಾಗಿ ಹೊಲಿಗೆ ಬಿಚ್ಚಿದ ದಿನ ನಿರಾಳರಾಗುತ್ತಾರೆ. ಊತ ಇಳಿಯುತ್ತಿರುತ್ತದೆ, ಕಂದಿದ ಬಣ್ಣ ಹಸಿರು, ಹಳದಿಗೆ ತಿರುಗಿ ಮಾಸುತ್ತಿರುತ್ತದೆ, ಮನೆಯವರೂ ಕಾವಲು ಸಡಿಲಿಸಿರುತ್ತಾರೆ. ಆದರೆ ರಕ್ತನಾಳಗಳಿಗೆ ಹೊಲಿಗೆಯ ಲೆಕ್ಕ ಅನ್ವಯಿಸುವುದಿಲ್ಲ. ಶಸ್ತ್ರಚಿಕಿತ್ಸೆಯ ರಕ್ತಸ್ರಾವವನ್ನು ವೈದ್ಯಶಾಸ್ತ್ರ ಬಹುಕಾಲದಿಂದ ಮೂರು ಬಗೆಯಾಗಿ ವಿಂಗಡಿಸುತ್ತ ಬಂದಿದೆ: ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ ಆಗುವುದು, ನಂತರದ 24 ಗಂಟೆಗಳೊಳಗೆ ಆಗುವುದು, ಮತ್ತು ಸಾಮಾನ್ಯವಾಗಿ 7ರಿಂದ 14 ದಿನಗಳ ನಡುವೆ ಆಗುವುದು. ಮೊದಲ ಎರಡನ್ನು ಆಸ್ಪತ್ರೆಯವರೇ ನೋಡಿಕೊಳ್ಳುತ್ತಾರೆ. ಮೂರನೆಯದು ಮನೆಯಲ್ಲಿ ಆಗುತ್ತದೆ. ಅದಕ್ಕೂ ತಡವಾಗಿ, ವಾರಗಳೋ ತಿಂಗಳುಗಳೋ ಕಳೆದ ಮೇಲೆ ತಲೆಯೆತ್ತುವ ನಾಳದ ಗಂಟುಗಳೂ ಇವೆ.

ಇವೆಲ್ಲ ವಿರಳ. ಹೆಚ್ಚಿನವರಿಗೆ ಇವುಗಳ ಪರಿಚಯವೇ ಆಗದೆ ಗಾಯ ಮಾಯುತ್ತದೆ. ಆದರೆ ವಿರಳವಾಗಿರುವುದರಿಂದಲೇ ಇವನ್ನು ಕೀವುಗಡ್ಡೆ, ಕೊಬ್ಬಿನ ಗಂಟು, ಮಾಯುತ್ತಿರುವ ಗಾಯದ ಗಡಸುತನ ಎಂದು ತಪ್ಪಾಗಿ ಭಾವಿಸುವ ಸಂಭವ ಹೆಚ್ಚು. ಈ ಲೇಖನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ, ಅವರನ್ನು ನೋಡಿಕೊಳ್ಳುವವರಿಗೆ ಉದ್ದೇಶಿಸಿದ್ದು. ವೈದ್ಯರ ಸಲಹೆಗೆ ಬದಲಿಯಲ್ಲ, ಯಾವಾಗ ಮತ್ತು ಏನು ಹೇಳಿಕೊಂಡು ವೈದ್ಯರ ಬಳಿಗೆ ಹೋಗಬೇಕು ಎಂಬುದಕ್ಕೆ ಸಹಾಯ.

ತಡವಾಗಿ ಏಕೆ ಆಗುತ್ತದೆ

ಮುಖದ ಶಸ್ತ್ರಚಿಕಿತ್ಸೆಯಲ್ಲಿ ಮರಗಟ್ಟಿಸುವ ಔಷಧದ ಜೊತೆ ಅಡ್ರಿನಲಿನ್ ಬೆರೆಸಿ ಚುಚ್ಚುವುದು ರೂಢಿ. ಅದು ಸಣ್ಣ ನಾಳಗಳನ್ನು ಬಿಗಿದು ಹಿಡಿಯುವುದರಿಂದ ಶಸ್ತ್ರವೈದ್ಯರ ಕಣ್ಣಿಗೆ ಜಾಗ ಸ್ವಚ್ಛವಾಗಿ ಕಾಣುತ್ತದೆ. ಕೆಲವು ಗಂಟೆಗಳಲ್ಲಿ ಅದರ ಪ್ರಭಾವ ಇಳಿದಾಗ ನಾಳಗಳು ಮತ್ತೆ ಹಿಗ್ಗುತ್ತವೆ. ಮೊದಲ ದಿನದ ರಕ್ತಸ್ರಾವಕ್ಕೆ ಇದು ಒಂದು ಕಾರಣ. ತಡವಾದ ತೊಂದರೆಗಳ ಮೂಲ ಇದಕ್ಕಿಂತ ಬೇರೆ, ಅಲ್ಲಿ ಮೂರು ಸಂಗತಿಗಳು ಮುಖ್ಯ.

ಮೊದಲನೆಯದು, ಕತ್ತರಿಸಿದ ಅಥವಾ ಸುಟ್ಟು ಮುಚ್ಚಿದ ನಾಳದ ತುದಿಯಲ್ಲಿ ಕುಳಿತ ಹೆಪ್ಪು. ದೇಹ ತಾನೇ ಕಟ್ಟಿದ ಹೆಪ್ಪನ್ನು ತಾನೇ ಕರಗಿಸುತ್ತ ಬರುತ್ತದೆ. ಅಷ್ಟರಲ್ಲಿ ನಾಳದ ತುದಿ ನಾರಿನ ಅಂಗಾಂಶದಿಂದ ಭದ್ರವಾಗಿ ಮುಚ್ಚಿರಬೇಕು. ಗಾಯದಲ್ಲಿ ಸೋಂಕು ಸೇರಿದ್ದರೆ, ಮೇಲಿನ ಹಕ್ಕಳೆ ಬೇಗ ಕಿತ್ತುಬಂದರೆ, ಅಥವಾ ರಕ್ತದೊತ್ತಡ ಒಮ್ಮೆಲೇ ಏರಿದರೆ ಆ ಬಿರಡೆ ಜಾರುತ್ತದೆ. ಎರಡನೆಯದು, ಪೂರ್ತಿ ಕತ್ತರಿಸದೆ ಗೋಡೆಯಲ್ಲಿ ಸಣ್ಣ ತೂತಾದ ಅಪಧಮನಿ. ಪೂರ್ತಿ ಕತ್ತರಿಸಿದ ನಾಳ ಸುರುಟಿಕೊಂಡು ಒಳಸರಿದು ಮುಚ್ಚಿಕೊಳ್ಳುತ್ತದೆ. ಅರ್ಧ ಹರಿದ ನಾಳಕ್ಕೆ ಆ ಅನುಕೂಲವಿಲ್ಲ. ತೂತಿನಿಂದ ಒಸರಿದ ರಕ್ತ ಸುತ್ತಲಿನ ಅಂಗಾಂಶದಲ್ಲಿ ಹೆಪ್ಪುಗಟ್ಟುತ್ತದೆ, ಹೆಪ್ಪಿನ ಹೊರಭಾಗ ಗಟ್ಟಿಯಾಗಿ ಚೀಲದಂತಾಗುತ್ತದೆ, ಒಳಭಾಗ ಕರಗಿ ಟೊಳ್ಳಾಗುತ್ತದೆ, ಆ ಟೊಳ್ಳಿನೊಳಗೆ ಪ್ರತಿ ಮಿಡಿತಕ್ಕೂ ಅಪಧಮನಿಯ ರಕ್ತ ನುಗ್ಗಿ ಹೊರಬರುತ್ತಿರುತ್ತದೆ. ಇದನ್ನೇ ಸ್ಯೂಡೋಅನ್ಯೂರಿಸಂ ಎನ್ನುತ್ತಾರೆ. ನಿಜವಾದ ಅನ್ಯೂರಿಸಂನಲ್ಲಿ ನಾಳದ ಮೂರೂ ಪದರಗಳು ಉಬ್ಬಿರುತ್ತವೆ. ಇಲ್ಲಿ ಇರುವುದು ಕೇವಲ ಹೆಪ್ಪು ಮತ್ತು ನಾರಿನ ಗೋಡೆ, ಆದ್ದರಿಂದಲೇ ಒಡೆಯುವ ಭಯ. ಮೂರನೆಯದು, ಅಕ್ಕಪಕ್ಕದಲ್ಲಿರುವ ಅಪಧಮನಿ ಮತ್ತು ಅಭಿಧಮನಿ ಎರಡಕ್ಕೂ ಪೆಟ್ಟಾಗಿ ಅವುಗಳ ನಡುವೆ ನೇರ ದಾರಿ ತೆರೆದುಕೊಳ್ಳುವುದು. ಹೆಚ್ಚಿನ ಒತ್ತಡದ ರಕ್ತ ತೆಳುಗೋಡೆಯ ಅಭಿಧಮನಿಗೆ ಹರಿಯತೊಡಗಿ, ಆ ನಾಳ ದಿನೇ ದಿನೇ ಉಬ್ಬುತ್ತದೆ. ಇದಕ್ಕೆ ಫಿಸ್ಟುಲಾ ಎಂದು ಹೆಸರು.

ಸೋರಿಕೆ, ಚೀಲ, ಅಡ್ಡದಾರಿ ಎಂಬ ಈ ಮೂರನ್ನು ನೆನಪಿಟ್ಟುಕೊಂಡರೆ ಮುಂದಿನ ಹೆಜ್ಜೆಗಳು ಸುಲಭವಾಗಿ ಅರ್ಥವಾಗುತ್ತವೆ.

ಮೊದಲ ಹೆಜ್ಜೆ: ಮನೆಗೆ ಹೊರಡುವ ಮುನ್ನ ತಿಳಿದುಕೊಂಡು ಬರೆದಿಟ್ಟುಕೊಳ್ಳಬೇಕಾದದ್ದು

ಡಿಸ್ಚಾರ್ಜ್ ಚೀಟಿಯಲ್ಲಿ ಶಸ್ತ್ರಚಿಕಿತ್ಸೆಯ ಹೆಸರಿದ್ದರೆ ಸಾಲದು. ಎಲ್ಲಿ ಚರ್ಮ ಎಬ್ಬಿಸಿದರು, ಮೂಳೆ ಕತ್ತರಿಸಿದರೇ, ತಿರುಪು ಅಥವಾ ಪ್ಲೇಟು ಹಾಕಿದರೇ, ಯಾವುದಾದರೂ ದೊಡ್ಡ ನಾಳವನ್ನು ಕಟ್ಟಬೇಕಾಯಿತೇ, ನಿರೀಕ್ಷೆಗಿಂತ ಹೆಚ್ಚು ರಕ್ತ ಹೋಯಿತೇ ಎಂದು ಕೇಳಿ ಬರೆದಿಟ್ಟುಕೊಳ್ಳಬೇಕು. ಮೂರು ವಾರಗಳ ನಂತರ ಅಪರಾತ್ರಿಯಲ್ಲಿ ಬೇರೊಂದು ಆಸ್ಪತ್ರೆಯ ತುರ್ತು ಚಿಕಿತ್ಸಾ ಘಟಕದಲ್ಲಿ ಕುಳಿತಿರುವಾಗ ಅಲ್ಲಿನ ವೈದ್ಯರಿಗೆ ಈ ನಾಲ್ಕು ಸಾಲುಗಳಷ್ಟು ಉಪಯೋಗ ಬೇರಾವುದರಿಂದಲೂ ಆಗದು. ರಾತ್ರಿ ಕರೆಗೆ ಯಾರು ಉತ್ತರಿಸುತ್ತಾರೆ ಎಂಬುದನ್ನೂ ಆಗಲೇ ಕೇಳಿಕೊಳ್ಳಬೇಕು. ಹಗಲಿನ ಸ್ವಾಗತಕಕ್ಷೆಯ ಸಂಖ್ಯೆ ಒಂದೇ ಇದ್ದರೆ ಅದು ಅರ್ಧ ವ್ಯವಸ್ಥೆ.

ತೆಗೆದುಕೊಳ್ಳುವ ಔಷಧಗಳ ಪಟ್ಟಿಯನ್ನು ಪ್ರಾಮಾಣಿಕವಾಗಿ ಕೊಡಬೇಕು. ಆಸ್ಪಿರಿನ್ ಪ್ಲೇಟ್‌ಲೆಟ್‌ಗಳನ್ನು, ಅಂದರೆ ಹೆಪ್ಪುಗಟ್ಟಲು ನೆರವಾಗುವ ರಕ್ತಕಣಗಳನ್ನು, ಅವುಗಳ ಆಯುಷ್ಯಪೂರ್ತಿ, ಅಂದರೆ 7ರಿಂದ 10 ದಿನ, ನಿಷ್ಕ್ರಿಯಗೊಳಿಸುತ್ತದೆ. ಐಬುಪ್ರೊಫೆನ್‌ನಂಥ ನೋವುನಿವಾರಕಗಳೂ ಹೆಪ್ಪುಗಟ್ಟುವಿಕೆಗೆ ಅಡ್ಡಿಯಾಗುತ್ತವೆ, ಆದರೆ ಅವುಗಳ ಪ್ರಭಾವ ಬೇಗ ಕಳೆಯುತ್ತದೆ. ಮೀನೆಣ್ಣೆ, ಇ ಜೀವಸತ್ವ, ಗಿಂಕ್ಗೊ, ಜಿನ್ಸೆಂಗ್, ಬೆಳ್ಳುಳ್ಳಿ ಮಾತ್ರೆಗಳನ್ನು ಅನೇಕರು ಔಷಧವೆಂದೇ ಪರಿಗಣಿಸುವುದಿಲ್ಲವಾದ್ದರಿಂದ ಹೇಳಲು ಮರೆಯುತ್ತಾರೆ. ಆದರೆ ಒಂದು ಎಚ್ಚರಿಕೆ: ಹೃದಯದ ನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡವರು, ಪಾರ್ಶ್ವವಾಯುವಿನ ನಂತರ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿರುವವರು ತಾವಾಗಿಯೇ ಅದನ್ನು ನಿಲ್ಲಿಸಬಾರದು. ಅದನ್ನು ಬರೆದುಕೊಟ್ಟ ವೈದ್ಯರು ಮತ್ತು ಶಸ್ತ್ರವೈದ್ಯರು ಮಾತಾಡಿಕೊಂಡು ನಿರ್ಧರಿಸಬೇಕು. ಮುಖದ ಒಂದು ರಕ್ತಗಂಟನ್ನು ತಪ್ಪಿಸಲು ಹೋಗಿ ಹೃದಯಾಘಾತವನ್ನು ಬರಮಾಡಿಕೊಳ್ಳುವುದು ಯಾವ ಲೆಕ್ಕದಲ್ಲೂ ಲಾಭವಲ್ಲ.

ಎರಡನೆಯ ಹೆಜ್ಜೆ: ನಿಮ್ಮ ಶಸ್ತ್ರಚಿಕಿತ್ಸೆಗೆ ತಕ್ಕ ಕಾಲಪಟ್ಟಿ

ಎಲ್ಲ ಶಸ್ತ್ರಚಿಕಿತ್ಸೆಗಳಿಗೂ ಅಪಾಯದ ದಿನಗಳು ಒಂದೇ ಅಲ್ಲ.

ಮುಖದ ಚರ್ಮ ಬಿಗಿಗೊಳಿಸುವ ಫೇಸ್‌ಲಿಫ್ಟ್‌ನಲ್ಲಿ ಅತ್ಯಂತ ಸಾಮಾನ್ಯ ತೊಡಕೆಂದರೆ ಚರ್ಮದಡಿ ರಕ್ತ ಶೇಖರವಾಗುವುದು. ಇದರಲ್ಲಿ ಬಹುಪಾಲು ಮೊದಲ 24 ಗಂಟೆಗಳಲ್ಲೇ ಆಗುತ್ತದೆ. ಗಡ್ಡ ಬೆಳೆಯುವ ಚರ್ಮಕ್ಕೆ ರಕ್ತಪೂರೈಕೆ ಹೆಚ್ಚಿರುವುದರಿಂದ ಗಂಡಸರಲ್ಲಿ ಇದು ಹೆಂಗಸರಿಗಿಂತ ಹೆಚ್ಚು. ಆದರೆ ಐದನೆಯ ದಿನದಿಂದ ಎರಡನೆಯ ವಾರದ ಕೊನೆಯವರೆಗೆ ಇನ್ನೊಂದು ಸಣ್ಣ ಅಲೆ ಇದೆ. ಬಗ್ಗಿ ಭಾರ ಎತ್ತಿದ್ದು, ಮಲಬದ್ಧತೆಯಿಂದ ತಿಣುಕಿದ್ದು, ಬಿಡದ ಕೆಮ್ಮು, ಮಾತ್ರೆ ಮರೆತು ಏರಿದ ರಕ್ತದೊತ್ತಡ ಇದಕ್ಕೆ ನೆಪವಾಗುತ್ತವೆ. ಕಿವಿಯ ಮುಂದೆ ಹಾದು ಹಣೆಯ ಪಕ್ಕಕ್ಕೆ ಏರುವ ಅಪಧಮನಿ ಚರ್ಮಕ್ಕೆ ಬಹಳ ಹತ್ತಿರದಲ್ಲಿ, ಮೂಳೆಯ ಮೇಲೆಯೇ ಸಾಗುತ್ತದೆ. ಅಲ್ಲಿ ಸ್ಯೂಡೋಅನ್ಯೂರಿಸಂ ಆದರೆ ಸಾಮಾನ್ಯವಾಗಿ 2ರಿಂದ 6 ವಾರಗಳ ನಡುವೆ ಗಂಟಾಗಿ ಕಾಣಿಸುತ್ತದೆ. ಹುಬ್ಬು ಎತ್ತುವ ಶಸ್ತ್ರಚಿಕಿತ್ಸೆ, ದಾರ ಎಳೆದು ಚರ್ಮ ಬಿಗಿಗೊಳಿಸುವ ವಿಧಾನ, ಕೂದಲ ಕಸಿ ಇವುಗಳ ನಂತರವೂ ಇದೇ ನಾಳ ಅಥವಾ ಅದರ ಶಾಖೆಗಳಲ್ಲಿ ತೊಂದರೆಯಾದ ವರದಿಗಳಿವೆ. ಶಸ್ತ್ರಚಿಕಿತ್ಸೆಯೇ ಅಲ್ಲವೆಂದು ಹಗುರವಾಗಿ ತೆಗೆದುಕೊಂಡ ದಾರದ ಚಿಕಿತ್ಸೆಯೂ ಈ ಪಟ್ಟಿಯಲ್ಲಿ ಇದೆ ಎಂಬುದು ಗಮನಿಸಬೇಕಾದ ಮಾತು.

ಮೂಗಿನ ಶಸ್ತ್ರಚಿಕಿತ್ಸೆಯಲ್ಲಿ ಮೊದಲ ಎರಡು ದಿನಗಳು ಕಳೆದ ಮೇಲೆ ಮತ್ತೆ ಜಾಗ್ರತೆ ಬೇಕಾದದ್ದು ಐದರಿಂದ ಹತ್ತನೆಯ ದಿನದ ಸುಮಾರಿಗೆ, ಒಳಗಿನ ಹಕ್ಕಳೆಗಳು ಬಿಡುವಾಗ. ಮೂಗಿನ ನಡುಗೋಡೆಯಲ್ಲಿ ರಕ್ತ ತುಂಬಿಕೊಳ್ಳುವ ತೊಡಕು ರಕ್ತ ಹೊರಗೆ ಬರದೆಯೇ ಆಗುತ್ತದೆ: ಎರಡೂ ಹೊಳ್ಳೆ ಕಟ್ಟುತ್ತವೆ, ನೋವು ಹೆಚ್ಚುತ್ತದೆ, ಮೂಗಿನ ತುದಿ ಮುಟ್ಟಿದರೆ ತಾಳಲಾಗುವುದಿಲ್ಲ. ನಡುಗೋಡೆಯ ಮೃದ್ವಸ್ಥಿಗೆ ಸ್ವಂತ ರಕ್ತನಾಳವಿಲ್ಲ, ಮೇಲಿನ ಪೊರೆಯಿಂದಲೇ ಅದಕ್ಕೆ ಪೋಷಣೆ. ರಕ್ತ ಆ ಪೊರೆಯನ್ನು ಎಬ್ಬಿಸಿ ದೂರ ತಳ್ಳಿದರೆ ಎರಡು ಮೂರು ದಿನಗಳಲ್ಲಿ ಮೃದ್ವಸ್ಥಿ ಸಾಯುತ್ತದೆ, ಮೂಗಿನ ಸೇತುವೆ ಕುಸಿಯುತ್ತದೆ. ಹೀಗಾಗಿ ಹೊಸದಾಗಿ ಎರಡೂ ಕಡೆ ಮೂಗು ಕಟ್ಟಿದರೆ ಅದನ್ನು ನೆಗಡಿ ಎಂದು ದಿನ ದೂಡಬಾರದು.

ಮೇಲ್ದವಡೆಯ ಮೂಳೆ ಕತ್ತರಿಸಿ ಮುಂದೆ ಹಿಂದೆ ಸರಿಸುವ ಶಸ್ತ್ರಚಿಕಿತ್ಸೆಯ ನಾಳಗಳು ಆಳದಲ್ಲಿವೆ, ಕಣ್ಣಿಗೂ ಬೆರಳಿಗೂ ಸಿಗುವುದಿಲ್ಲ. ದವಡೆಯ ಹಿಂಭಾಗದಲ್ಲಿ ಹಾಯುವ ದೊಡ್ಡ ಅಪಧಮನಿ ಮತ್ತು ಬಾಯಿಯ ಅಂಗಳಕ್ಕೆ ಇಳಿಯುವ ಅದರ ಶಾಖೆಗೆ ಪೆಟ್ಟಾಗಿದ್ದರೆ ಒಂದು ಎರಡು ವಾರಗಳ ನಂತರ, ಕೆಲವೊಮ್ಮೆ ಇನ್ನೂ ತಡವಾಗಿ, ಮೂಗಿನಿಂದಲೋ ಬಾಯಿಯಿಂದಲೋ ಇದ್ದಕ್ಕಿದ್ದಂತೆ ರಕ್ತ ಬರುತ್ತದೆ.

ಕಣ್ರೆಪ್ಪೆಯ ಶಸ್ತ್ರಚಿಕಿತ್ಸೆಯಲ್ಲಿ ಕಣ್ಣಿನ ಹಿಂದೆ ರಕ್ತ ಶೇಖರವಾಗುವುದು ತೀರ ವಿರಳ, ಅದೂ ಹೆಚ್ಚಾಗಿ ಮೊದಲ ದಿನದಲ್ಲೇ. ಹಲವು ದಿನಗಳ ನಂತರ ಆದ ಉದಾಹರಣೆಗಳೂ ದಾಖಲಾಗಿವೆ. ಇದರ ವಿಷಯ ಮುಂದೆ ಪ್ರತ್ಯೇಕವಾಗಿ ಬರುತ್ತದೆ, ಏಕೆಂದರೆ ಅಲ್ಲಿ ಸಮಯದ ಲೆಕ್ಕ ದಿನಗಳಲ್ಲಿ ಅಲ್ಲ, ನಿಮಿಷಗಳಲ್ಲಿ.

ಮೂರನೆಯ ಹೆಜ್ಜೆ: ದಿನಕ್ಕೆ ಎರಡು ನಿಮಿಷದ ತಪಾಸಣೆ

ಆರು ವಾರಗಳವರೆಗೆ ದಿನಕ್ಕೊಮ್ಮೆ, ಒಂದೇ ಹೊತ್ತಿನಲ್ಲಿ, ಒಂದೇ ಬೆಳಕಿನಲ್ಲಿ ಮುಖವನ್ನು ಎದುರಿನಿಂದ ಮತ್ತು ಎರಡೂ ಪಕ್ಕದಿಂದ ಫೋಟೋ ತೆಗೆದಿಟ್ಟುಕೊಳ್ಳಬೇಕು. ಕನ್ನಡಿ ನಂಬಿಕೆಗೆ ತಕ್ಕದ್ದಲ್ಲ. ನಿನ್ನೆಯ ಮುಖ ನಮಗೆ ನೆನಪಿರುವುದಿಲ್ಲ. ಊತ ಇಳಿಯುವ ದಿಕ್ಕು ಒಂದೇ ಇರಬೇಕು. ಇಳಿದಿದ್ದ ಊತ ಒಂದೇ ಕಡೆ ಮತ್ತೆ ಏರಿದರೆ, ಮಾಸುತ್ತಿದ್ದ ಕಂದುಬಣ್ಣದ ನಡುವೆ ಹೊಸ ನೇರಳೆ ಕಲೆ ಮೂಡಿದರೆ, ಎರಡು ಕೆನ್ನೆಗಳ ನಡುವಿನ ವ್ಯತ್ಯಾಸ ದಿನದಿನಕ್ಕೆ ಹೆಚ್ಚಿದರೆ ಅದು ಹಿಮ್ಮುಖ ಚಲನೆ. ಮಲಗಿ ಎದ್ದ ಬೆಳಿಗ್ಗೆ ಎರಡೂ ಕಡೆ ಸ್ವಲ್ಪ ಹೆಚ್ಚು ಊದಿರುವುದು ಸಹಜ, ಅದಕ್ಕೆ ಗಾಬರಿ ಬೇಡ.

ಆ ಮೇಲೆ ಮುಟ್ಟಿ ನೋಡುವುದು. ಕೈ ತೊಳೆದು, ಬೆರಳ ತುದಿಯನ್ನು ಗಾಯದ ಮೇಲಲ್ಲ, ಕಿವಿಯ ಮುಂದೆ, ಹಣೆಯ ಪಕ್ಕದಲ್ಲಿ, ಕೆಳದವಡೆಯ ಅಂಚಿನಲ್ಲಿ ಹಗುರವಾಗಿ ಇಡಬೇಕು. ಈ ಜಾಗಗಳಲ್ಲಿ ಮಿಡಿತ ಸಿಗುವುದು ಸಹಜವೇ, ಅಪಧಮನಿ ಅಲ್ಲಿಯೇ ಹಾಯುತ್ತದೆ. ಗಮನಿಸಬೇಕಾದದ್ದು ಗಂಟು ಇದೆಯೇ, ಗಂಟೇ ಮಿಡಿಯುತ್ತಿದೆಯೇ, ಬೆಕ್ಕು ಗುರುಗುಟ್ಟುವಾಗ ಅದರ ಮೈ ನಡುಗುವಂತೆ ಬೆರಳಿಗೆ ಏನಾದರೂ ಕಂಪನ ತಾಗುತ್ತದೆಯೇ ಎಂಬುದು. ಕತ್ತಿನ ಪಕ್ಕದ ದೊಡ್ಡ ನಾಳವನ್ನು ಮಾತ್ರ ಒತ್ತಲೇಬಾರದು.

ಕೊನೆಯದಾಗಿ ಕಿವಿಗೊಡುವುದು. ರಾತ್ರಿ ದಿಂಬಿಗೆ ಕಿವಿಯಿಟ್ಟು ಮಲಗಿದಾಗ ಹೃದಯದ ಬಡಿತಕ್ಕೆ ಸರಿಯಾಗಿ ಸುಯ್ ಸುಯ್ ಎಂಬ ಸದ್ದು ಹೊಸದಾಗಿ ಕೇಳತೊಡಗಿದರೆ ಅದನ್ನು ನಿದ್ದೆಗೇಡಿನ ಭ್ರಮೆಯೆಂದು ಬಿಡಬಾರದು. ಅಪಧಮನಿ ಮತ್ತು ಅಭಿಧಮನಿಯ ನಡುವೆ ಅಡ್ಡದಾರಿ ತೆರೆದಿರುವುದರ ಸೂಚನೆ ಹಲವು ಬಾರಿ ಸಿಗುವುದು ಈ ಸದ್ದಿನಿಂದಲೇ. ಜೊತೆಗೆ ಅಲ್ಲಿನ ಚರ್ಮ ಬೆಚ್ಚಗಿದ್ದು, ಕೆಳಗೆ ಹಾವಿನಂತೆ ಸುರುಳಿಯಾದ ನಾಳಗಳು ಉಬ್ಬಿ ಕಂಡರೆ ಸಂಶಯ ಬಲವಾಗುತ್ತದೆ. ಸದ್ದಿನೊಂದಿಗೆ ಒಂದು ಕಣ್ಣು ಕೆಂಪಾಗಿ ಮುಂದಕ್ಕೆ ಉಬ್ಬಿದರೆ ಅಥವಾ ಎರಡೆರಡಾಗಿ ಕಂಡರೆ ತೊಂದರೆ ತಲೆಬುರುಡೆಯ ಒಳಗಿನ ನಾಳದ್ದಾಗಿರಬಹುದು. ಅಂದೇ ಆಸ್ಪತ್ರೆಗೆ ಹೋಗಬೇಕು.

ನಾಲ್ಕನೆಯ ಹೆಜ್ಜೆ: ಗಂಟು ಕಂಡರೆ, ಸೂಜಿಗೆ ಮೊದಲು ಸ್ಕ್ಯಾನ್

ಈ ಇಡೀ ಲೇಖನದಲ್ಲಿ ಒಂದೇ ಮಾತನ್ನು ಉಳಿಸಿಕೊಳ್ಳಬೇಕೆಂದರೆ ಅದು ಈ ಹೆಜ್ಜೆಯಲ್ಲಿದೆ. ಮುಖದ ಶಸ್ತ್ರಚಿಕಿತ್ಸೆಯಾದ ಎರಡನೆಯ ವಾರದ ನಂತರ ಹೊಸದಾಗಿ ಹುಟ್ಟಿದ ಯಾವ ಗಂಟಿಗೂ, ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಸ್ಕ್ಯಾನ್ ಆಗುವ ತನಕ ಸೂಜಿ ಚುಚ್ಚಲು ಅಥವಾ ಕೊಯ್ಯಲು ಬಿಡಬಾರದು.

ಏಕೆ ಇಷ್ಟು ಕಟ್ಟುನಿಟ್ಟು? ಈ ಅವಧಿಯಲ್ಲಿ ಗಂಟಾಗುವುದಕ್ಕೆ ನಿರುಪದ್ರವಿ ಕಾರಣಗಳೇ ಹೆಚ್ಚು. ಹಳೆಯ ರಕ್ತದ ಗಂಟು ಏಳೆಂಟು ದಿನಗಳ ನಂತರ ಕರಗಿ ದ್ರವವಾಗುತ್ತದೆ, ಅದನ್ನು ಸೂಜಿಯಿಂದ ಎಳೆದು ತೆಗೆಯುವುದು ಸರಿಯಾದ ಚಿಕಿತ್ಸೆಯೇ. ಚರ್ಮದಡಿ ಸಂಗ್ರಹವಾದ ತಿಳಿನೀರನ್ನೂ ಹಾಗೆಯೇ ತೆಗೆಯುತ್ತಾರೆ. ಕೀವುಗಡ್ಡೆಯನ್ನು ಕೊಯ್ದು ಖಾಲಿ ಮಾಡುತ್ತಾರೆ. ಹೀಗೆ ಸೂಜಿ ಮತ್ತು ಚಾಕು ಸಹಜವಾಗಿ ಮೊದಲು ಕೈಗೆ ಬರುವ ಸಾಧನಗಳಾದ್ದರಿಂದಲೇ, ನೂರರಲ್ಲಿ ಒಂದು ಗಂಟು ಅಪಧಮನಿಯ ಚೀಲವಾಗಿದ್ದರೂ ಅಲ್ಲಿ ನಿಲ್ಲಿಸಲಾಗದ ರಕ್ತಸ್ರಾವ ಕಾದಿರುತ್ತದೆ. ಹತ್ತು ನಿಮಿಷದ, ನೋವಿಲ್ಲದ, ಚುಚ್ಚದ ಸ್ಕ್ಯಾನ್ ಆ ಅಪಾಯವನ್ನು ದೂರ ಮಾಡುತ್ತದೆ.

ಗಂಟಿನ ಗುಣದಿಂದ ಕಾರಣವನ್ನು ಸ್ವಲ್ಪಮಟ್ಟಿಗೆ ಊಹಿಸಬಹುದು. ಕೀವುಗಡ್ಡೆಯಾದರೆ ಕೆಂಪು, ಬಿಸಿ, ನೋವು, ಬಹುಶಃ ಜ್ವರ ಇರುತ್ತದೆ. ಊಟಕ್ಕೆ ಕುಳಿತಾಗ ಅಥವಾ ಹುಳಿಯ ನೆನಪಾದಾಗ ಕೆನ್ನೆಯ ಗಂಟು ದೊಡ್ಡದಾಗುತ್ತಿದ್ದರೆ ಅದು ಜೊಲ್ಲು ಗ್ರಂಥಿಯಿಂದ ಸೋರಿದ ದ್ರವದ ಚೀಲ. ಒಳಗಿನ ದ್ರವದಲ್ಲಿ ಜೊಲ್ಲಿನ ಕಿಣ್ವವಾದ ಅಮೈಲೇಸ್‌ನ ಪ್ರಮಾಣ ನೋಡಿ ಅದನ್ನು ಖಚಿತಪಡಿಸುತ್ತಾರೆ. ಸ್ಯೂಡೋಅನ್ಯೂರಿಸಂ ಸಾಮಾನ್ಯವಾಗಿ ನೋವಿಲ್ಲದ, ಮೆತ್ತನೆಯ, ನಿಧಾನವಾಗಿ ಬೆಳೆಯುವ ಗಂಟು. ಅದರ ಎರಡು ಬದಿಗೆ ಎರಡು ಬೆರಳಿಟ್ಟರೆ ಪ್ರತಿ ಮಿಡಿತಕ್ಕೂ ಬೆರಳುಗಳು ಪರಸ್ಪರ ದೂರ ಸರಿಯುತ್ತವೆ. ಅಪಧಮನಿಯ ಮೇಲೆ ಸುಮ್ಮನೆ ಕುಳಿತ ಬೇರೆ ಗಂಟಾದರೆ ಎರಡೂ ಬೆರಳು ಒಟ್ಟಿಗೆ ಮೇಲೆದ್ದು ಇಳಿಯುತ್ತವೆ, ಅಷ್ಟೇ. ಕಿವಿಯ ಮುಂದೆ ಅಪಧಮನಿಯನ್ನು ಒತ್ತಿ ಹಿಡಿದಾಗ ಗಂಟು ಕುಗ್ಗಿ ಮಿಡಿತ ನಿಲ್ಲುತ್ತದೆಯೇ ಎಂದು ವೈದ್ಯರು ಪರೀಕ್ಷಿಸುತ್ತಾರೆ. ಇದನ್ನು ಮನೆಯಲ್ಲಿ ಪ್ರಯೋಗಿಸಬೇಕಾದ ಅಗತ್ಯವಿಲ್ಲ.

ಇಲ್ಲಿ ಒಂದು ತೊಡಕಿದೆ. ಚೀಲದ ಬಹುಭಾಗ ಹೆಪ್ಪಿನಿಂದ ತುಂಬಿಹೋಗಿದ್ದರೆ ಮಿಡಿತ ಸಿಗದೇ ಇರಬಹುದು. ಆದ್ದರಿಂದ ಮಿಡಿಯುವ ಗಂಟು ಅನುಮಾನಕ್ಕೆ ಕಾರಣ, ಆದರೆ ಮಿಡಿಯದ ಗಂಟು ನಿಶ್ಚಿಂತೆಗೆ ಕಾರಣವಲ್ಲ. ವೈದ್ಯರ ಮುಂದೆ ಸಂಕೋಚವಿಲ್ಲದೆ ಹೇಳಬೇಕಾದ ವಾಕ್ಯ ಇಷ್ಟೇ: “ಇಷ್ಟು ವಾರಗಳ ಹಿಂದೆ ಈ ಜಾಗದಲ್ಲಿ ಶಸ್ತ್ರಚಿಕಿತ್ಸೆಯಾಗಿದೆ, ಈ ಗಂಟು ಹೊಸದು, ಇದು ರಕ್ತನಾಳದ್ದಲ್ಲ ಎಂದು ಸ್ಕ್ಯಾನ್‌ನಲ್ಲಿ ನೋಡಿದ ಮೇಲೆ ಮುಂದುವರಿಯೋಣವೇ?” ಸೌಂದರ್ಯಕ್ಕಾಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡದ್ದನ್ನು ಹೇಳಿಕೊಳ್ಳಲು ನಾಚಿ ಮುಚ್ಚಿಡುವವರು ಕಡಿಮೆಯಿಲ್ಲ; ಕೂದಲಂಚಿನಲ್ಲಿ ಅಡಗಿದ ಗಾಯದ ಗೆರೆ ವೈದ್ಯರ ಕಣ್ಣಿಗೂ ಬೀಳದೆ ಹೋಗಬಹುದು, ಹಾಗಾದಾಗ ನಾಳದ ಯೋಚನೆಯೇ ಅವರಿಗೆ ಬಾರದು.

ಐದನೆಯ ಹೆಜ್ಜೆ: ರಕ್ತ ಬರತೊಡಗಿದರೆ ಆ ಕ್ಷಣಕ್ಕೆ ಮಾಡಬೇಕಾದದ್ದು

ಚರ್ಮದ ಗಾಯದಿಂದ ರಕ್ತ ಬಂದರೆ ಕುಳಿತುಕೊಂಡು, ಸ್ವಚ್ಛ ಬಟ್ಟೆ ಅಥವಾ ಗಾಜ್ ಮಡಿಸಿ ಅದೇ ಜಾಗದ ಮೇಲೆ ಹದಿನೈದು ನಿಮಿಷ ಬಿಡದೆ ಒತ್ತಿ ಹಿಡಿಯಬೇಕು. ನಡುನಡುವೆ ತೆಗೆದು ನೋಡುವ ಚಪಲವೇ ಹೆಪ್ಪನ್ನು ಕೀಳುತ್ತದೆ. ಚಿಮ್ಮುತ್ತಿದ್ದರೆ ಹದಿನೈದು ನಿಮಿಷ ಕಾಯದೆ ಒತ್ತಿಕೊಂಡೇ ತುರ್ತು ವಾಹನಕ್ಕೆ ಕರೆ ಮಾಡಬೇಕು. ಚರ್ಮದಡಿ ಊತ ಬೇಗಬೇಗನೆ ಬಿಗಿಯಾಗಿ ಏರುತ್ತಿದ್ದು, ಒಂದೇ ಕಡೆ ನೋವು ತೀವ್ರವಾದರೆ ಹೊರಗೆ ಒಂದು ಹನಿ ರಕ್ತ ಕಾಣದಿದ್ದರೂ ಅದು ತುರ್ತು ಸ್ಥಿತಿಯೇ; ಒಳಗಿನ ಒತ್ತಡಕ್ಕೆ ಮೇಲಿನ ಚರ್ಮದ ರಕ್ತಸಂಚಾರ ನಿಂತು ಚರ್ಮ ಸಾಯುತ್ತದೆ. ಕತ್ತಿನಲ್ಲಿ ಹಾಗಾದರೆ ಉಸಿರಾಟಕ್ಕೇ ತೊಂದರೆ.

ಮೂಗಿನಿಂದ ಬಂದರೆ ನೆಟ್ಟಗೆ ಕುಳಿತು ತಲೆಯನ್ನು ತುಸು ಮುಂದಕ್ಕೆ ಬಾಗಿಸಬೇಕು, ಬಾಯಿಗೆ ಬಂದದ್ದನ್ನು ನುಂಗದೆ ಉಗುಳಬೇಕು. ಹಿಂದಕ್ಕೆ ತಲೆ ಎತ್ತಿದರೆ ರಕ್ತ ನಿಲ್ಲುವುದಿಲ್ಲ, ಗಂಟಲಿಗೆ ಇಳಿಯುತ್ತದೆ ಅಷ್ಟೇ. ಮೂಗಿನ ಎಲುಬನ್ನು ಹೊಸದಾಗಿ ಜೋಡಿಸಿರುವಾಗ ಮಾಮೂಲಿನಂತೆ ಬಿಗಿಯಾಗಿ ಹಿಂಡುವುದು ತಪ್ಪು. ಕೆಳಗಿನ ಮೃದುಭಾಗವನ್ನು ಒತ್ತಬಹುದೇ, ಯಾವ ಸ್ಪ್ರೇ ಹಾಕಬಹುದು ಎಂಬುದನ್ನು ಶಸ್ತ್ರವೈದ್ಯರಲ್ಲಿ ಮೊದಲೇ ಕೇಳಿಟ್ಟುಕೊಂಡಿರಬೇಕು. ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ನಿಲ್ಲದಿದ್ದರೆ ಹೊರಡಬೇಕು.

ದವಡೆಯ ಶಸ್ತ್ರಚಿಕಿತ್ಸೆಯಾಗಿ ಹಲ್ಲುಗಳನ್ನು ರಬ್ಬರ್ ಅಥವಾ ತಂತಿಯಿಂದ ಕಟ್ಟಿದ್ದರೆ ಅದನ್ನು ಕತ್ತರಿಸುವ ಉಪಕರಣ ಸದಾ ಕೈಗೆಟುಕುವಲ್ಲಿರಬೇಕು, ಮನೆಯಲ್ಲಿ ಒಬ್ಬರಿಗಾದರೂ ಎಲ್ಲಿ ಕತ್ತರಿಸಬೇಕೆಂದು ಗೊತ್ತಿರಬೇಕು. ಇಂಥವರಲ್ಲಿ ನಾನು ಅತ್ಯಂತ ಗಂಭೀರವಾಗಿ ಪರಿಗಣಿಸುವ ಸಂಗತಿ ದೊಡ್ಡ ರಕ್ತಸ್ರಾವವಲ್ಲ, ಅದಕ್ಕಿಂತ ಮೊದಲು ಬರುವ ಸಣ್ಣದು. ಹತ್ತನೆಯ ದಿನ ಅರ್ಧ ಬಟ್ಟಲು ರಕ್ತ ಬಂದು ತಾನಾಗಿ ನಿಲ್ಲುತ್ತದೆ; ನಿಂತಿತಲ್ಲ ಎಂಬ ಸಮಾಧಾನದಲ್ಲಿ ಮಲಗಿದವರಿಗೆ ಕೆಲವು ಗಂಟೆಗಳ ಅಥವಾ ದಿನಗಳ ನಂತರ ಪ್ರಾಣಾಂತಕ ರಕ್ತಸ್ರಾವವಾಗಬಹುದು. ಸ್ಯೂಡೋಅನ್ಯೂರಿಸಂನ ಗೋಡೆ ಬಿರಿದು, ಹೆಪ್ಪಿನಿಂದ ತಾತ್ಕಾಲಿಕವಾಗಿ ಮುಚ್ಚಿ, ಮತ್ತೆ ಬಿರಿಯುವ ರೀತಿ ಇದು. ಆದ್ದರಿಂದ ತಾನಾಗಿ ನಿಂತ ರಕ್ತಸ್ರಾವವೂ ಅಂದೇ ತಪಾಸಣೆಯಾಗಬೇಕು, ಎರಡನೆಯ ಸಲ ಬಂದರಂತೂ ನಾಳಗಳ ಚಿತ್ರ ತೆಗೆಸದೆ ಮನೆಗೆ ಮರಳಬಾರದು.

ಕಣ್ಣಿನ ವಿಷಯ. ಒಳಗಿನಿಂದ ತಳ್ಳುವಂಥ ನೋವು, ಕಣ್ಣುಗುಡ್ಡೆ ಮುಂದೆ ಬರುವುದು, ದೃಷ್ಟಿ ಮಂಜಾಗುವುದು, ಬಣ್ಣಗಳು ಮಾಸಿದಂತೆ ಕಾಣುವುದು, ವಾಂತಿ, ಇವುಗಳಲ್ಲಿ ಯಾವುದಾದರೂ ಕಂಡರೆ ಫೋನಿನಲ್ಲಿ ಸಲಹೆ ಕೇಳುತ್ತ ಕೂರಬಾರದು. ಕಣ್ಣಿನ ನರ ಮತ್ತು ಅಕ್ಷಿಪಟ ರಕ್ತವಿಲ್ಲದೆ ತಾಳಿಕೊಳ್ಳುವುದು ಸುಮಾರು ಒಂದೂವರೆಯಿಂದ ಎರಡು ಗಂಟೆ ಮಾತ್ರ. ತುರ್ತು ಘಟಕದಲ್ಲಿ ಕಣ್ಣಿನ ಹೊರಮೂಲೆಯನ್ನು ಕೊಯ್ದು ಒತ್ತಡ ಇಳಿಸುತ್ತಾರೆ, ಸ್ಕ್ಯಾನ್‌ಗೂ ಕಾಯುವುದಿಲ್ಲ. ಈ ಮಾರ್ಗದರ್ಶಿಯಲ್ಲಿ ಚಿತ್ರಕ್ಕಿಂತ ಮೊದಲು ಚಾಕು ಬರುವ ಪ್ರಸಂಗ ಇದೊಂದೇ. ಕಣ್ಣಿನ ಮೇಲೆ ಬಿಗಿಯಾದ ಪಟ್ಟಿ ಕಟ್ಟಬಾರದು, ಕಟ್ಟಿದ್ದರೆ ಬಿಚ್ಚಬೇಕು.

ಆರನೆಯ ಹೆಜ್ಜೆ: ಆಸ್ಪತ್ರೆಯಲ್ಲಿ ಏನು ನಡೆಯುತ್ತದೆ, ಏನು ಕೇಳಬೇಕು

ಚರ್ಮದಡಿಯ ಗಂಟಿಗೆ ಡಾಪ್ಲರ್ ಅಲ್ಟ್ರಾಸೌಂಡ್ ಮೊದಲ ಪರೀಕ್ಷೆ. ಚೀಲದೊಳಗೆ ರಕ್ತ ಸುಳಿಯಂತೆ ತಿರುಗುವುದರಿಂದ ಪರದೆಯ ಮೇಲೆ ಅರ್ಧ ಕೆಂಪು, ಅರ್ಧ ನೀಲಿಯಾಗಿ ಕಾಣುತ್ತದೆ, ಚೀಲದ ಕತ್ತಿನಲ್ಲಿ ರಕ್ತ ಒಳಹೋಗಿ ಹೊರಬರುವುದೂ ದಾಖಲಾಗುತ್ತದೆ. ಆಳದ ನಾಳಗಳಿಗೆ ಬಣ್ಣದ ಔಷಧ ಚುಚ್ಚಿ ಸಿಟಿ ಆಂಜಿಯೋಗ್ರಾಂ ಮಾಡುತ್ತಾರೆ. ಮೂತ್ರಪಿಂಡದ ತೊಂದರೆ, ಔಷಧದ ಅಲರ್ಜಿ, ಗರ್ಭಧಾರಣೆ, ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್ಫಾರ್ಮಿನ್ ಸೇವನೆ ಇದ್ದರೆ ಅದಕ್ಕೆ ಮುನ್ನವೇ ತಿಳಿಸಬೇಕು.

ಚಿಕಿತ್ಸೆ ಜಾಗವನ್ನು ಅವಲಂಬಿಸಿದೆ. ಹಣೆಯ ಪಕ್ಕದ ಗಂಟನ್ನು ಸಾಮಾನ್ಯವಾಗಿ ನಾಳದ ಎರಡೂ ತುದಿಗಳನ್ನು ಕಟ್ಟಿ ತೆಗೆದುಹಾಕುತ್ತಾರೆ. ಒಂದು ತುದಿಯನ್ನಷ್ಟೇ ಕಟ್ಟಿದರೆ ಸಾಲದು, ಏಕೆಂದರೆ ಮುಖ ಮತ್ತು ನೆತ್ತಿಯ ನಾಳಗಳು ಎಡ ಬಲಗಳೆರಡರಿಂದಲೂ ಹೆಣೆದುಕೊಂಡಿರುವುದರಿಂದ ರಕ್ತ ಹಿಂದಿನಿಂದ ಬಂದು ಚೀಲವನ್ನು ಮತ್ತೆ ತುಂಬುತ್ತದೆ. ಅದೇ ಹೆಣಿಗೆಯ ಕಾರಣದಿಂದ ಆ ನಾಳವನ್ನು ಕಳೆದುಕೊಂಡರೂ ನೆತ್ತಿಯ ಚರ್ಮಕ್ಕೆ ಸಾಮಾನ್ಯವಾಗಿ ಕೊರತೆಯಾಗುವುದಿಲ್ಲ. ಹಣೆ ಮತ್ತು ಹುಬ್ಬನ್ನು ಎತ್ತುವ ಮುಖನರದ ಶಾಖೆ ಅಲ್ಲಿಯೇ ಹತ್ತಿರದಲ್ಲಿ ಹಾಯುವುದರಿಂದ, ಶಸ್ತ್ರಚಿಕಿತ್ಸೆಗೆ ಮುನ್ನ ಹುಬ್ಬು ಎರಡೂ ಕಡೆ ಸಮನಾಗಿ ಏರುತ್ತಿದೆಯೇ ಎಂದು ನೋಡಿ ಬರೆದಿಡುವಂತೆ ಕೇಳುವುದು ಒಳ್ಳೆಯದು. ಕೆಲವು ಸಂದರ್ಭಗಳಲ್ಲಿ ಅಲ್ಟ್ರಾಸೌಂಡ್ ನೋಡಿಕೊಂಡು ಚೀಲವನ್ನು ಒತ್ತಿ ಹಿಡಿಯುವುದರಿಂದ, ಅಥವಾ ಅದರೊಳಗೆ ಥ್ರಾಂಬಿನ್ ಚುಚ್ಚಿ ಹೆಪ್ಪುಗಟ್ಟಿಸುವುದರಿಂದಲೂ ವಾಸಿಯಾಗುತ್ತದೆ. ಮೇಲೆ ಹೇಳಿದ ಸೂಜಿ ನಿಷೇಧಕ್ಕೆ ಇದು ವಿರುದ್ಧವಲ್ಲ. ಇಲ್ಲಿ ಸೂಜಿ ಹೋಗುವುದು ಒಳಗೇನಿದೆ ಎಂದು ತಿಳಿದ ಮೇಲೆ.

ಮೇಲ್ದವಡೆಯ ಹಿಂದಿನ ನಾಳಕ್ಕೆ ಕೈ ಹಾಕುವುದು ಕಷ್ಟ. ಮೊದಲು ಮೂಗು ಮತ್ತು ಬಾಯಿಯಲ್ಲಿ ಗಾಜ್ ತುರುಕಿ ರಕ್ತವನ್ನು ತಡೆದು, ಆ ಮೇಲೆ ತೊಡೆಯ ಸಂದಿಯ ಅಥವಾ ಮಣಿಕಟ್ಟಿನ ಅಪಧಮನಿಯಿಂದ ಸಣ್ಣ ನಳಿಗೆ ಏರಿಸಿ, ಸೋರುವ ಜಾಗವನ್ನು ಲೋಹದ ಸುರುಳಿ ಅಥವಾ ಅಂಟಿನಿಂದ ಮುಚ್ಚುತ್ತಾರೆ. ಎಂಬೊಲೈಸೇಷನ್ ಎಂಬ ಈ ವಿಧಾನ ಕತ್ತಿನಲ್ಲಿ ದೊಡ್ಡ ನಾಳವನ್ನು ಕಟ್ಟುವ ಹಳೆಯ ವಿಧಾನಕ್ಕಿಂತ ನಿಖರವಾದದ್ದು. ಅಪಾಯ ಇಲ್ಲವೆಂದಲ್ಲ: ಮುಖದ ನಾಳಗಳಿಗೂ ಕಣ್ಣು ಮತ್ತು ಮೆದುಳಿನ ನಾಳಗಳಿಗೂ ಸಂಪರ್ಕವಿರುವುದರಿಂದ ಅಂಟೋ ಕಣವೋ ದಾರಿ ತಪ್ಪಿದರೆ ಪಾರ್ಶ್ವವಾಯು, ದೃಷ್ಟಿನಾಶ ಆಗಬಹುದು. ಇದನ್ನು ಅನುಭವಿ ತಂಡವಿರುವ ಕೇಂದ್ರದಲ್ಲಿಯೇ ಮಾಡಿಸಬೇಕು. ಆ ವ್ಯವಸ್ಥೆ ಹತ್ತಿರದಲ್ಲಿ ಎಲ್ಲಿದೆ ಎಂಬುದನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಕೇಳಿ ತಿಳಿದಿರುವುದು ಅತಿ ಜಾಗರೂಕತೆ ಎನಿಸುವುದಿಲ್ಲ.

ರಕ್ತ ಬರುವುದಲ್ಲ, ಬಾರದಿರುವುದು

ಇನ್ನೊಂದು ತುದಿಯ ತೊಂದರೆಯನ್ನೂ ಚುಟುಕಾಗಿ ಹೇಳಬೇಕು. ಎಬ್ಬಿಸಿ ಎಳೆದು ಹೊಲಿದ ಚರ್ಮದ ತುದಿಭಾಗಕ್ಕೆ, ಮುಖ್ಯವಾಗಿ ಕಿವಿಯ ಹಿಂದೆ, ರಕ್ತ ಸಾಲದೆ ಹೋದರೆ ಅದು ಮೊದಲು ಬಿಳಿಚಿ ತಣ್ಣಗಾಗುತ್ತದೆ ಅಥವಾ ನೀಲಿಗಟ್ಟುತ್ತದೆ, ದಿನಗಳು ಕಳೆದಂತೆ ಕಪ್ಪು ಹಕ್ಕಳೆಯಾಗುತ್ತದೆ. ಧೂಮಪಾನ ಇದರ ದೊಡ್ಡ ಮಿತ್ರ: 1984ರಲ್ಲಿ ಪ್ರಕಟವಾದ, ಇಂದಿಗೂ ಉಲ್ಲೇಖಿತವಾಗುವ ಅಧ್ಯಯನವೊಂದರಲ್ಲಿ ಫೇಸ್‌ಲಿಫ್ಟ್‌ನ ನಂತರ ಚರ್ಮ ಸಾಯುವ ಸಂಭವ ಧೂಮಪಾನಿಗಳಲ್ಲಿ ಸುಮಾರು 12 ಪಟ್ಟು ಹೆಚ್ಚೆಂದು ಕಂಡುಬಂತು. ನಿಕೋಟಿನ್ ಚೂಯಿಂಗ್ ಗಮ್, ಇ-ಸಿಗರೇಟುಗಳೂ ನಾಳಗಳನ್ನು ಬಿಗಿಯುತ್ತವೆ. ಸಂವೇದನೆ ಮರಳದ ಚರ್ಮದ ಮೇಲೆ ಮಂಜುಗಡ್ಡೆಯನ್ನಾಗಲಿ ಬಿಸಿನೀರಿನ ಚೀಲವನ್ನಾಗಲಿ ಇಡಬಾರದು, ಸುಟ್ಟರೂ ತಿಳಿಯುವುದಿಲ್ಲ. ಕಪ್ಪು ಹಕ್ಕಳೆಯನ್ನು ಕೀಳದೆ ವೈದ್ಯರಿಗೆ ಬಿಡಬೇಕು.

ಮುಖಕ್ಕೆ ಚಿಕಿತ್ಸೆಯಾದರೂ ಹೆಪ್ಪು ಕಾಲಿನಲ್ಲಿ ಕಟ್ಟಬಹುದು. 2001ರಲ್ಲಿ ಪ್ರಕಟವಾದ, ಸುಮಾರು ಹತ್ತು ಸಾವಿರ ಫೇಸ್‌ಲಿಫ್ಟ್‌ಗಳ ಸಮೀಕ್ಷೆಯೊಂದರಲ್ಲಿ ಆಳದ ಅಭಿಧಮನಿಯ ಹೆಪ್ಪು ಶೇಕಡಾ 0.35ರಷ್ಟು ಮಂದಿಯಲ್ಲಿ ಕಂಡುಬಂದಿತ್ತು. ಒಂದೇ ಮೀನಖಂಡ ಊದಿ ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಎದೆ ಚುಚ್ಚುವುದು ಕಂಡರೆ ಮುಖದ ಶಸ್ತ್ರವೈದ್ಯರನ್ನಲ್ಲ, ತುರ್ತು ಘಟಕವನ್ನು ಕಾಣಬೇಕು. ಹಾಗೆಯೇ ಮೂಗಿನ ಅಥವಾ ಮೇಲ್ದುಟಿಯ ಸುತ್ತ ಸೋಂಕಾಗಿ, ಜ್ವರ, ತೀವ್ರ ತಲೆನೋವು, ರೆಪ್ಪೆಯ ಊತ, ಎರಡಾಗಿ ಕಾಣುವುದು ಸೇರಿಕೊಂಡರೆ ಸೋಂಕು ಅಭಿಧಮನಿಗಳ ಮೂಲಕ ಮೆದುಳಿನ ತಳದ ರಕ್ತಕುಹರಕ್ಕೆ ಹಬ್ಬಿರುವ ಶಂಕೆ ಇರುತ್ತದೆ.

ಏಳನೆಯ ಹೆಜ್ಜೆ: ವಾಸಿಯಾದ ಮೇಲೆ

ನಾಳವನ್ನು ಕಟ್ಟಿದ ಅಥವಾ ಮುಚ್ಚಿದ ನಂತರ ಮತ್ತೊಮ್ಮೆ ಸ್ಕ್ಯಾನ್ ಯಾವಾಗ ಎಂದು ದಿನಾಂಕ ಬರೆಸಿಕೊಳ್ಳಬೇಕು. ಫಿಸ್ಟುಲಾ ಆಗಿದ್ದವರಲ್ಲಿ ಉಳಿದ ಸಣ್ಣ ಶಾಖೆಗಳು ಕಾಲಾನಂತರ ಹಿಗ್ಗಿ ಅದು ಮರುಕಳಿಸಬಹುದಾದ್ದರಿಂದ ಒಂದು ಸ್ಕ್ಯಾನ್‌ಗೆ ಮುಗಿಸುವುದು ಸರಿಯಲ್ಲ. ವ್ಯಾಯಾಮ, ಭಾರ ಎತ್ತುವುದು, ಬಿಸಿ ಹಬೆಯ ಸ್ನಾನ, ಬೋರಲು ಮಲಗುವುದು ಇವೆಲ್ಲದಕ್ಕೂ ಪ್ರತ್ಯೇಕವಾಗಿ ಅನುಮತಿ ಕೇಳಬೇಕು. ಮೊದಲಿನ ಶಸ್ತ್ರಚಿಕಿತ್ಸೆಗೆ ಕೊಟ್ಟ ಅವಧಿ ಇಲ್ಲಿ ಹೊಸದಾಗಿ ಆರಂಭವಾಗುತ್ತದೆ. ಅಧಿಕ ರಕ್ತದೊತ್ತಡ ಇರುವವರು ಮನೆಯಲ್ಲಿ ದಿನವೂ ಅಳೆದು ಬರೆದಿಡಬೇಕು, ಯಾವ ಅಂಕಿ ದಾಟಿದರೆ ಕರೆ ಮಾಡಬೇಕೆಂಬುದನ್ನು ವೈದ್ಯರಿಂದಲೇ ತಿಳಿದಿರಬೇಕು.

ಯಾವ ನಾಳವನ್ನು, ಯಾವ ಕಡೆ, ಯಾವ ವಸ್ತುವಿನಿಂದ ಮುಚ್ಚಲಾಗಿದೆ ಎಂಬ ವಿವರವುಳ್ಳ ಸಾರಾಂಶವನ್ನೂ ಆಂಜಿಯೋಗ್ರಾಂನ ಚಿತ್ರಗಳನ್ನೂ ಜೋಪಾನವಾಗಿ ಇಟ್ಟುಕೊಳ್ಳಬೇಕು. ಮುಂದೆ ಎಂದಾದರೂ ಎಂಆರ್‌ಐ ಮಾಡಿಸುವಾಗ ಒಳಗೆ ಲೋಹದ ಸುರುಳಿ ಇದೆಯೆಂದು ತಿಳಿಸಬೇಕಾಗುತ್ತದೆ. ಮುಖದ ಆ ಭಾಗಕ್ಕೆ ಫಿಲ್ಲರ್ (ಚರ್ಮದಡಿ ತುಂಬುವ ಸೌಂದರ್ಯದ ಚುಚ್ಚುಮದ್ದು) ಚುಚ್ಚಿಸಿಕೊಳ್ಳುವ ಅಥವಾ ಮತ್ತೊಂದು ಶಸ್ತ್ರಚಿಕಿತ್ಸೆಯ ಯೋಚನೆ ಬಂದಾಗಲೂ ರಕ್ತ ಈಗ ಯಾವ ದಾರಿಯಲ್ಲಿ ಹರಿಯುತ್ತಿದೆ ಎಂಬುದನ್ನು ಆ ವೈದ್ಯರು ಸೂಜಿ ಎತ್ತಿಕೊಳ್ಳುವ ಮೊದಲು ನೋಡಿರಬೇಕು.